ಹಾಯಿಮನೆಯ ಗೋಡೆಗೆ ಹೇಳಿದ್ದು

ಜಲಜಾ ಹಚ್ಚಿದ ಗಾರೆ ಹೊತ್ತು ನೆತ್ತಿಗೆ ಬರುವ ಮೊದಲೇ ಗಟ್ಟಿಯಾಗುತ್ತಿತ್ತು. ನಾನು ಹಚ್ಚಿದ್ದು ಮಧ್ಯಾಹ್ನ ಗಂಜಿಯ ಹೊತ್ತಿಗೂ ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಊರಿನಲ್ಲಿ ಯಾರನ್ನು ಕೇಳಿದರೂ ಗುಲಾಬಿಗೆ ತನ್ನ ಓರಗಿತ್ತಿಯನ್ನು ಕಂಡರೆ ಹೊಟ್ಟೆಕಿಚ್ಚು ಅನ್ನುತ್ತಾರೆ, ಅವರ ಬಾಯಿಂದ ಕೇಳುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ. ಹೌದು, ಹೊಟ್ಟೆಕಿಚ್ಚು. ಇಪ್ಪತ್ತೆಂಟು ವರ್ಷ ಕರಣೆ ಹಿಡಿದು ಊರಿನ ಗೋಡೆಗಳಿಗೆ ಗಾರೆ ಹಚ್ಚಿದವಳು ನಾನು. ಅವಳು ನನ್ನ ಮೈದುನನನ್ನು ಮದುವೆಯಾಗಿ ಬಂದು ಆರು ವರ್ಷ. ಕರಣೆಯನ್ನು ಹೇಗೆ ಹಿಡಿಯಬೇಕು ಅಂತ ಅವಳಿಗೆ ತೋರಿಸಿಕೊಟ್ಟವಳೂ ನಾನೇ.

ನಮ್ಮೂರಿನಲ್ಲಿ ಗಾರೆ ಬಿಸಿಲಿಗೆ ಒಣಗುವುದಿಲ್ಲ, ಮಾತಿಗೆ ಒಣಗುತ್ತದೆ. ಚಿಪ್ಪು ಸುಟ್ಟು ಸುಣ್ಣ ಮಾಡಿ, ಮರಳು ಮತ್ತು ಬೆಲ್ಲದ ನೀರು ಸೇರಿಸಿ ಅರೆದು ಗೋಡೆಗೆ ಹಚ್ಚಿದ ಮೇಲೆ, ಹಚ್ಚಿದವರು ಅದರೆದುರು ಕೂತು ಒಂದು ವಿಷಯ ಹೇಳಬೇಕು. ತನಗೊಬ್ಬಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರದ ವಿಷಯ. ಸುಳ್ಳು ಹೇಳಿದರೆ ಗಾರೆ ಹಿಡಿಯುವುದಿಲ್ಲ. ಇನ್ನೊಬ್ಬರಿಗೆ ಗೊತ್ತಿರುವುದನ್ನು ಹೇಳಿದರೆ ಸಂಜೆಯೊಳಗೆ ಜಾರಿ ಕೆಳಗೆ ಬೀಳುತ್ತದೆ. ಒಮ್ಮೆ ಹಿಡಿದು ಒಣಗಿತೆಂದರೆ ಆಮೇಲೆ ಊರಿಗೆಲ್ಲ ಡಂಗುರ ಸಾರಿದರೂ ಗೋಡೆಗೆ ಏನೂ ಆಗುವುದಿಲ್ಲ, ಆದರೆ ಹಾಗೆ ಸಾರುವಷ್ಟು ಮರ್ಯಾದೆ ಬಿಟ್ಟವರು ನಮ್ಮಲ್ಲಿ ಕಡಿಮೆ.

ಹಾಗಾಗಿ ನಮ್ಮವರು ಮಾತಿನಲ್ಲಿ ಬಲು ಜಿಪುಣರು. ಬಾವಿಕಟ್ಟೆಯಲ್ಲಿ ಯಾರಾದರೂ ಮನಸ್ಸು ಬಿಚ್ಚಲು ಹೊರಟರೆ ಪಕ್ಕದವಳು, ಅದು ಗೋಡೆಗಿರ್ಲಿ ಬಿಡೇ, ಅಂತ ತಡೆಯುತ್ತಾಳೆ. ಮದುವೆಯಾಗಿ ಹೋಗುವ ಮಗಳ ಕಿವಿಯಲ್ಲಿ ತಾಯಿ, ಗಂಡನಿಗೆ ಎಲ್ಲವನ್ನೂ ಹೇಳಿ ಕೂರಬೇಡ, ಒಂದು ಕೋಣೆಗಾಗುವಷ್ಟಾದರೂ ಉಳಿಸಿಕೋ, ಅನ್ನುತ್ತಾಳೆ. ಒಲೆ ಹಿಂದಿನ ಬಿರುಕಿಗೆ ಸಣ್ಣದು ಸಾಕು, ಪಕ್ಕದ ಮನೆಯವರು ಒಣಗಲು ಹಾಕಿದ ಹಪ್ಪಳ ಕದ್ದದ್ದಾದರೂ ನಡೆಯುತ್ತದೆ. ದೊಡ್ಡ ಗೋಡೆಗೆ ದೊಡ್ಡದೇ ಬೇಕು. ತಮ್ಮಲ್ಲಿ ಅಷ್ಟು ದೊಡ್ಡ ವಿಷಯ ಇಲ್ಲದವರು ನಮ್ಮಂಥ ಗಾರೆಯವರನ್ನು ಕರೆಯುತ್ತಾರೆ. ನಾವು ಕೋಲಿಗೆ ಕೆಂಪು ವಸ್ತ್ರ ಕಟ್ಟಿ ನೆಟ್ಟ ಕೂಡಲೇ ಮನೆಯವರೆಲ್ಲ ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ ನಿಲ್ಲುತ್ತಾರೆ. ಕೆಂಪು ವಸ್ತ್ರ ದಾಟಿ ಬಂದು ಇನ್ನೊಬ್ಬರ ಮಾತಿಗೆ ಕಿವಿ ಕೊಟ್ಟವರು ಅಲ್ಲಿಯವರೆಗೆ ನಮ್ಮೂರಿನಲ್ಲಿ ಯಾರೂ ಇರಲಿಲ್ಲ.

ಇಪ್ಪತ್ತೆಂಟು ವರ್ಷ ಹೀಗೆ ಹೇಳುತ್ತಾ ಹೋದರೆ ಒಬ್ಬ ಹೆಂಗಸಿನ ಹತ್ತಿರ ಉಳಿಯುವುದಾದರೂ ಎಂಥದ್ದು? ಹದಿನಾರರಲ್ಲಿ ಬಳೆಗಾರನ ಮೇಲೆ ಮನಸ್ಸಾದದ್ದು ಶಾಲೆಯ ಜಗಲಿಗೆ ಹೋಯಿತು. ಅಪ್ಪ ಸತ್ತ ದಿನ ಅಳು ಬಾರದೆ ಕಣ್ಣಿಗೆ ಈರುಳ್ಳಿ ಉಜ್ಜಿಕೊಂಡದ್ದು ಅಂಚೆಮನೆಯ ಹಿಂಗೋಡೆಗೆ ಹೋಯಿತು. ಎರಡೂ ಒಣಗಿ ವರ್ಷಗಟ್ಟಲೆ ಆಯಿತು, ಅದಕ್ಕೇ ಹೇಳುತ್ತಿದ್ದೇನೆ. ಕೊನೆಕೊನೆಗೆ ಗೋಡೆಗೆ ಬೇಕಲ್ಲ ಅಂತಲೇ ಸಣ್ಣಪುಟ್ಟ ತಪ್ಪು ಮಾಡಲು ಶುರು ಮಾಡಿದೆ. ಉಪವಾಸದ ದಿನ ಬಾಗಿಲು ಹಾಕಿಕೊಂಡು ಒಣಮೀನು ತಿಂದೆ. ಅಂಥದ್ದಕ್ಕೆಲ್ಲ ಬಚ್ಚಲುಮನೆಯ ಒಂದು ಮೂಲೆ ಹಿಡಿದರೆ ಹೆಚ್ಚು.

ಜಲಜಾಳಿಗೆ ಎಲ್ಲಿಂದ ಬರುತ್ತಿತ್ತು ಅಷ್ಟೊಂದು? ಅದೇ ನನ್ನ ತಲೆ ತಿನ್ನುತ್ತಿದ್ದದ್ದು. ನೆರಿಗೆ ಕೆಡದ ಸೀರೆ, ತಗ್ಗಿಸಿದ ದನಿ, ಅಕ್ಕ ಅಕ್ಕ ಅಂತ ಹಿಂದೆ ಮುಂದೆ ಸುತ್ತುವುದು. ಅಂಥವಳ ಹೊಟ್ಟೆಯಲ್ಲಿ ಒಂದು ಇಡೀ ಗೋಡೆ ಒಂದೇ ಬೆಳಿಗ್ಗೆ ಹಿಡಿಯುವಂಥ ವಿಷಯ ಏನಿದ್ದೀತು? ಒಮ್ಮೆ ಅವಳು ಪೇಟೆಗೆ ಹೋಗಿದ್ದಾಗ ಅವಳ ಟ್ರಂಕು ತೆಗೆದು ಹುಡುಕಿದೆ. ನಾಲ್ಕು ಸೀರೆ, ಒಂದು ಬಾಚಣಿಗೆ, ಅವಳಮ್ಮನ ಹಳೇ ಕುಪ್ಪಸ. ಬೇರೆ ಏನೂ ಇರಲಿಲ್ಲ. ಟ್ರಂಕು ತೆಗೆದದ್ದನ್ನು ಒಂದು ಕೊಟ್ಟಿಗೆಯ ಗೋಡೆಗೆ ಹೇಳಿ ಮುಗಿಸಿದೆ.

ಇನ್ನು ಹಾಯಿಮನೆಯ ವಿಷಯ. ಸಮುದ್ರಕ್ಕೆ ಮುಖ ಮಾಡಿ ನಿಂತ ಇನ್ನೂರು ವರ್ಷದ ಮನೆ ಅದು. ಹಾಯಿ ಹಡಗುಗಳ ಕಾಲದಲ್ಲಿ ಅದರ ದೊಡ್ಡ ಪಡಸಾಲೆಯಲ್ಲಿ ಬಟ್ಟೆ ಹಾಸಿ ಹಾಯಿ ಹೊಲಿಯುತ್ತಿದ್ದರಂತೆ. ನೆಲದಲ್ಲಿ ಈಗಲೂ ದಬ್ಬಣ ಚುಚ್ಚಿದ ಗುರುತುಗಳಿವೆ. ಅದು ಒಬ್ಬರ ಮನೆಯಲ್ಲ, ಊರಿನದು. ಆ ವರ್ಷ ನೋಡಿದರೆ ಜಂತಿಗಳು ಗೆದ್ದಲು ಹಿಡಿದಿದ್ದವು, ಹಂಚು ಜಾರಿ ಒಳಗೆ ಆಕಾಶ ಕಾಣುತ್ತಿತ್ತು. ಸಮುದ್ರದ ಕಡೆಯ ಗೋಡೆಯಂತೂ ಗಾರೆಯೆಲ್ಲ ಉದುರಿ ಒಳಗಿನ ಕೆಂಪುಕಲ್ಲು ಹೊರಗೆ ಬಂದಿತ್ತು. ಉಪ್ಪುಗಾಳಿಗೆ ಕಲ್ಲು ಮುಟ್ಟಿದರೆ ಪುಡಿ. ಊರಿನವರೆಲ್ಲ ಸೇರಿ ಜಂತಿ ಬದಲಿಸಿದರು, ಹಂಚು ಹೊದಿಸಿದರು, ಬಾಗಿಲುಗಳಿಗೆ ಎಣ್ಣೆ ಹಚ್ಚಿದರು. ಉಳಿದದ್ದು ಸಮುದ್ರದ ಗೋಡೆಯ ಗಾರೆ ಒಂದೇ. ಮಳೆಗಾಲದ ಮೊದಲು ಅದಾಗದಿದ್ದರೆ ಗೋಡೆ ಬೀಳುತ್ತದೆ, ಗೋಡೆ ಬಿದ್ದರೆ ಮೇಲಿನ ಹಂಚಿನ ಮಾಡೂ ಬೀಳುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ನನಗೆ ಬೇಕಾದದ್ದು ಗೋಡೆಯಲ್ಲ, ಕೈ. ಸಮುದ್ರದ ಬಾಗಿಲಿನ ಪಕ್ಕದಲ್ಲಿ ಆರು ಕೈಗಳ ಅಚ್ಚು ಇದೆ. ಮೂವತ್ತು ವರ್ಷಕ್ಕೋ ನಲವತ್ತು ವರ್ಷಕ್ಕೋ ಒಮ್ಮೆ ಆ ಗೋಡೆಗೆ ಹೊಸ ಗಾರೆ ಆಗುತ್ತದೆ, ಯಾರ ಮಾತಿಗೆ ಹಿಡಿಯಿತೋ ಅವರು ಪೂರ್ತಿ ಗಟ್ಟಿಯಾಗುವ ಮೊದಲು ಬಲಗೈ ಒತ್ತುತ್ತಾರೆ. ಹಳೆಯ ಅಚ್ಚುಗಳಿರುವಷ್ಟು ಜಾಗವನ್ನು ಕೆರೆಯದೆ ಹಾಗೇ ಬಿಡುತ್ತಾರೆ. ಆರನೆಯದು ನಮ್ಮತ್ತೆಯ ಕೈ. ನಾನು ಮದುವೆಯಾಗಿ ಬಂದ ವರ್ಷ ಅತ್ತೆಯೇ ಕರೆದುಕೊಂಡು ಹೋಗಿ ತೋರಿಸಿ, ಇದರ ಪಕ್ಕದ್ದು ನಿನ್ನದು ಅಂದಿದ್ದರು. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಪಕ್ಕದ ಖಾಲಿ ಜಾಗಕ್ಕೆ ಕೈಯಿಟ್ಟು ನೋಡುತ್ತಿದ್ದೆ. ನನಗೆ ಮಕ್ಕಳಿಲ್ಲ. ಮನೆಗೆ ಹೆಸರು ಬರೆಸುವವಳಲ್ಲ, ಹಡಗಿಗೆ ಹೆಸರಿಡುವವಳಲ್ಲ. ಆ ಒಂದು ಕೈ ಬೇಕಿತ್ತು ನನಗೆ.

ಹಾಯಿಮನೆಯ ಬೀಗದ ಕೈ ಇಟ್ಟುಕೊಂಡಿರುವ ಪಾಂಡುರಂಗಣ್ಣ ಊರವರನ್ನು ಪಡಸಾಲೆಯಲ್ಲಿ ಕೂರಿಸಿದ ದಿನ ನಾನು ಹೊಸ ಕುಪ್ಪಸ ತೊಟ್ಟು ಹೋಗಿದ್ದೆ. ಆತ ನನ್ನ ಮುಖ ನೋಡದೆ ಕಂಬದ ಕಡೆ ನೋಡುತ್ತಾ, ಗುಲಾಬಕ್ಕ ಹಿರಿಯರು, ಅವರ ಕೆಲಸಕ್ಕೆ ಯಾರೂ ಹೆಸರಿಡುವ ಹಾಗಿಲ್ಲ, ಆದರೆ ಅವರ ಗಾರೆ ಹಿಡಿಯಲು ತಡ, ಮಳೆ ಹತ್ತಿರ ಬಂತು, ಈ ಸಲ ಜಲಜಾ ಮಾಡಲಿ, ಅಂದ. ಎಲ್ಲರೂ ಹೂಂ ಅಂದರು. ಜಲಜಾ ಎದ್ದು ನಿಂತು, ಅಕ್ಕನೇ ಮಾಡಲಿ, ನಾನು ಗಾರೆ ಅರೆದುಕೊಡುತ್ತೇನೆ, ಅಂದಳು. ಅವಳು ಜಗಳಾಡಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಬಿಟ್ಟುಕೊಡಲು ಅವಳ್ಯಾರು? ನನ್ನದನ್ನು ನನಗೆ ದಾನ ಮಾಡುವಷ್ಟು ದೊಡ್ಡವಳಾದಳಾ? ಪಾಂಡುರಂಗಣ್ಣ ಅವಳ ಮಾತು ಕೇಳಲಿಲ್ಲ. ನಾನು ಬಾಯಲ್ಲಿದ್ದ ಎಲೆಯಡಿಕೆಯ ಕವಳ ಉಗಿಯುವ ನೆಪ ಮಾಡಿ ಹೊರಗೆ ಬಂದೆ.

ಮೂರು ದಿನ ಅವಳು ಗೋಡೆ ಕೆರೆದು, ಉಪ್ಪು ತೊಳೆದು, ಗಾರೆ ಹಚ್ಚಿದಳು. ನಾಲ್ಕನೇ ದಿನ ಬೆಳಿಗ್ಗೆ ಕೆಂಪು ವಸ್ತ್ರ ನೆಟ್ಟರು. ಊರವರೆಲ್ಲ ದೋಣಿ ಎಳೆದಿಡುವ ಕಡೆ ಹೋಗಿ ನಿಂತರು. ನಾನು ಅವರ ಹಿಂದಿನಿಂದ ಜಾರಿಕೊಂಡು, ತೋಟದ ಬದಿಯ ಬಾಗಿಲಿನಿಂದ ಹಾಯಿಮನೆಯ ಒಳಗೆ ಹೋದೆ. ಯಾಕೆ ಅಂತ ಕೇಳಬೇಡಿ, ನಿಮಗೂ ಗೊತ್ತು. ನಾನು ಕೇಳಿಸಿಕೊಂಡರೆ ಆ ವಿಷಯ ಅವಳೊಬ್ಬಳದಾಗಿ ಉಳಿಯುವುದಿಲ್ಲ, ಗಾರೆ ಬೀಳುತ್ತದೆ. ಜೊತೆಗೆ, ಆ ತಗ್ಗಿದ ದನಿಯೊಳಗೆ ಏನಿದೆ ಅಂತ ನೋಡುವ ಚಪಲವೂ ಇತ್ತು. ಪಡಸಾಲೆಯಲ್ಲಿ ಸಮುದ್ರದ ಕಡೆಯ ಕಿಟಕಿಯ ಹಲಗೆ ಒಂದು ಕಡೆ ಬಿರುಕು ಬಿಟ್ಟಿತ್ತು. ಅದಕ್ಕೆ ಕಿವಿ ಹಚ್ಚಿ ನಿಂತೆ.

ಅವಳು ಹೊರಗೆ ಗೋಡೆಯೆದುರು ಕೂತಳು. ಆಮೇಲೆ ಹೇಳಿದಳು, "ನಾಲ್ಕು ವರ್ಷದಿಂದ ಅಕ್ಕನ ಗೋಡೆ ನಿಲ್ತಾ ಇಲ್ಲ. ಅವರು ಗಾರೆ ಹಚ್ಚಿ, ಹೇಳುವಷ್ಟು ಹೇಳಿ, ಮಧ್ಯಾಹ್ನ ಗಂಜಿ ಉಂಡು ಮಲಗ್ತಾರೆ. ಆವಾಗ ನಾನು ಹೋಗಿ ಜಾರಿದ್ದನ್ನೆಲ್ಲ ತೆಗೆದು, ಹೊಸದು ಹಚ್ಚಿ, ನನ್ನದೊಂದು ಹೇಳಿ ನಿಲ್ಲಿಸಿ ಬರ್ತೇನೆ. ಛತ್ರದ್ದು, ಗಿರಣಿದು, ಬಂದರಿನ ಅಂಗಡಿದು, ಎಲ್ಲ ಸೇರಿ ಹನ್ನೊಂದು. ಅವರಿಗೆ ಗೊತ್ತಿಲ್ಲ. ಗೊತ್ತಾದ್ರೆ ಅವರು ಕರಣೆ ಕೆಳಗಿಡ್ತಾರೆ ಅಂತ ಹೆದರಿಕೆ ನಂಗೆ."

ನಾನು ಕುಸಿದು ಕೂತೆ, ಕಣ್ಣೀರು ಹಾಕಿದೆ ಅಂತ ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ. ನಾನು ಬಂದ ದಾರಿಯಲ್ಲೇ ಹೊರಗೆ ಹೋಗಿ ದೋಣಿಗಳ ಹತ್ತಿರ ಊರವರ ನಡುವೆ ನಿಂತುಕೊಂಡೆ. ಸಂಜೆ ಗಾರೆ ಮೇಲಿನಿಂದ ಬಿಚ್ಚಿಕೊಂಡು ಹಸೀ ಹಿಟ್ಟಿನ ಹಾಗೆ ಜಾರಿ ಮರಳಿನ ಮೇಲೆ ಬಿತ್ತು. ಕದ್ದು ಕೇಳಿರಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಜಲಜಾ ಮೊದಲೇ ಯಾರಿಗೋ ಬಾಯಿ ಬಿಟ್ಟದ್ದನ್ನು ತಂದು ಗೋಡೆಗೆ ಹೇಳಿದ್ದಾಳೆ ಅಂತ ಗುಸುಗುಸು ಶುರುವಾಯಿತು. ನಮ್ಮೂರಿನಲ್ಲಿ ಗಾರೆಯವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವಳು ತಲೆ ತಗ್ಗಿಸಿ ಬಿದ್ದ ಗಾರೆಯನ್ನು ಬುಟ್ಟಿಗೆ ತುಂಬುತ್ತಿದ್ದಳು. ನನಗೆ ಖುಷಿಯಾಯಿತು. ಹೇಳಿಬಿಡುತ್ತೇನೆ, ಹಬ್ಬದ ಊಟ ಉಂಡಷ್ಟು ಖುಷಿಯಾಯಿತು.

ಪಾಂಡುರಂಗಣ್ಣ ಮಾರನೇ ದಿನವೇ ನಮ್ಮನೆ ಬಾಗಿಲಿಗೆ ಬಂದ. ಮಳೆಗೆ ಎಂಟು ಹತ್ತು ದಿನ ಇದೆ, ಗುಲಾಬಕ್ಕ, ನೀವೇ ಗತಿ ಅಂದ. ನಾನು ಸ್ವಲ್ಪ ಮುಖ ಊದಿಸಿ, ಸ್ವಲ್ಪ ಸೊಂಟನೋವಿನ ಮಾತಾಡಿ ಒಪ್ಪಿಕೊಂಡೆ. ಹೇಳಲು ಈ ಸಲ ವಿಷಯಕ್ಕೆ ಕೊರತೆ ಇರಲಿಲ್ಲ. ಕೆಂಪು ವಸ್ತ್ರ ದಾಟಿ ಕದ್ದು ಕೇಳಿ ಓರಗಿತ್ತಿಯ ಗೋಡೆ ಬೀಳಿಸಿದ್ದೇನೆ. ನಮ್ಮೂರಿನಲ್ಲಿ ಈವರೆಗೆ ಯಾರೂ ಮಾಡದ ಪಾಪ, ನನಗೊಬ್ಬಳಿಗೇ ಗೊತ್ತಿರುವ ಪಾಪ. ಒಂದು ಗೋಡೆ ಏನು, ಒಂದು ಕೋಟೆಗಾಗುವಷ್ಟಿತ್ತು. ಗೋಡೆಯನ್ನೂ ತೆಗೆದುಕೊಂಡೆ, ಗೋಡೆಗೆ ಬೇಕಾದ ಮಾತನ್ನೂ ಅವಳಿಂದಲೇ ತೆಗೆದುಕೊಂಡೆ ಅಂತ ನನ್ನ ಬುದ್ಧಿಗೆ ನಾನೇ ಮೆಚ್ಚಿದೆ. ಗಾರೆ ಹಚ್ಚಿ, ವಸ್ತ್ರ ನೆಟ್ಟು, ಕೂತು, ಒಂದಕ್ಷರ ಬಿಡದೆ ಹೇಳಿದೆ.

ಸಂಜೆ ಅದೂ ಜಾರಿತು. ಮೊದಲು ಬಾಗಿಲಿನ ಮೇಲಿನದು, ಆಮೇಲೆ ಪೂರ್ತಿ. ಊರವರು ನನ್ನನ್ನು ನೋಡುತ್ತಿದ್ದರು, ನಾನು ಜಲಜಾಳನ್ನು ನೋಡುತ್ತಿದ್ದೆ. ನಾನು ಸುಳ್ಳು ಹೇಳಿರಲಿಲ್ಲ. ಹಾಗಾದರೆ ನಾನು ಕದ್ದು ಕೇಳಿದ್ದು ಇನ್ನೊಬ್ಬರಿಗೆ ಗೊತ್ತಿದೆ. ಆ ಇನ್ನೊಬ್ಬರು ಯಾರು ಅಂತ ಯೋಚಿಸುವ ಅಗತ್ಯವೇ ಇರಲಿಲ್ಲ.

ಬೆಳಿಗ್ಗೆ ಅವಳು ಹಿತ್ತಲಿನಲ್ಲಿ ಕತ್ತಿ ಹಿಡಿದು ಮೀನು ಸವರುತ್ತಿದ್ದಳು. ನಾನು ಎದುರು ಹೋಗಿ ನಿಂತೆ. "ನಾನು ಒಳಗಿದ್ದದ್ದು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ," ಅಂದಳು, ಕತ್ತಿ ಕೆಳಗಿಡದೆ. "ಕಿಟಕಿ ಸಂದಿಯಿಂದ ನಿಮ್ಮ ಕವಳದ ವಾಸನೆ ಬಂತು."

"ಗೊತ್ತಿದ್ದೂ ಯಾಕೆ ಹೇಳಿದೆ? ಎದ್ದು ಬಂದು ನನ್ನ ಜುಟ್ಟು ಹಿಡಿದು ಹೊರಗೆ ಹಾಕ್ಬಹುದಿತ್ತಲ್ಲ?"

"ಗೋಡೆಗೆ ಅಂತ ನನ್ಹತ್ರ ಇದ್ದದ್ದು ಅದೊಂದೇ. ನೀವು ಬಂದು ನಿಂತ್ರಿ, ಇನ್ನು ಗೋಡೆ ನಿಲ್ಲೋದಿಲ್ಲ ಅಂತ ಗೊತ್ತಾಯ್ತು. ಹಾಗಾದ್ರೆ ನಿಮಗೇ ಹೇಳಿಬಿಡುವ ಅನ್ನಿಸ್ತು. ಎದುರು ನಿಂತು ಹೇಳುವ ಧೈರ್ಯ ನಂಗೆ ಯಾವತ್ತೂ ಬರ್ಲಿಲ್ಲ." ಒಂದು ಮೀನಿನ ತಲೆ ತೆಗೆದು ಪಕ್ಕಕ್ಕಿಟ್ಟಳು. "ಬೈಯೋದಿದ್ರೆ ಬೈಯಿರಿ. ನಿಮ್ಮನ್ನು ಕೇಳದೆ ಮಾಡಿದ್ದು ತಪ್ಪೇ."

ತಪ್ಪಂತೆ! ಊರೆಲ್ಲ ಅವಳ ಮುಖಕ್ಕೆ ಉಗಿದದ್ದು ನನ್ನಿಂದ, ತಪ್ಪು ಅವಳದ್ದಂತೆ. ಬೇರೆ ಏನಾದರೂ ಉಳಿದಿದೆಯಾ, ಚಿಕ್ಕದಾದರೂ ಸರಿ, ಅಂತ ಕೇಳಿದೆ. ಏನೂ ಇಲ್ಲ ಅಂದಳು. ಊರಿನಿಂದ ಬರುವಾಗ ತಂದದ್ದೆಲ್ಲ ಮುಗಿಯಿತಂತೆ. ಆ ಹನ್ನೊಂದು ಗೋಡೆಗಳಿಗೇ ಹೆಚ್ಚು ಹೋಯಿತಂತೆ. ಲೆಕ್ಕ ಒಪ್ಪಿಸುವವಳ ಹಾಗಲ್ಲ, ಮನೆಯಲ್ಲಿ ಉಪ್ಪು ಮುಗಿದಿದೆ ಅನ್ನುವಷ್ಟು ಸಲೀಸಾಗಿ ಹೇಳಿದಳು. ಯಾರು ಕೇಳಿದ್ದು ನಿನ್ನ ಉಪಕಾರ ಅಂತ ಕೂಗಿ ನಾನು ಅಲ್ಲಿಂದ ಬಂದೆ. ಪಡುವಣದಲ್ಲಿ ಆಗಲೇ ಮೋಡ ಕೂಡುತ್ತಿತ್ತು.

ಮೂರನೆಯ ಸಲ ಗೋಡೆಗೆ ಗಾರೆ ಹಚ್ಚಿದವಳು ನಾನೇ. ಬೇರೆ ಯಾರೂ ಮುಂದೆ ಬರಲಿಲ್ಲ. ಪಾಂಡುರಂಗಣ್ಣ ಕೈ ಚೆಲ್ಲಿ ಕೂತಿದ್ದ. ಜಲಜಾ ಗಾರೆ ಅರೆದುಕೊಟ್ಟು, ತಾನೇ ಕೆಂಪು ವಸ್ತ್ರ ನೆಟ್ಟು, ಎಲ್ಲರಿಗಿಂತ ದೂರ ಹೋಗಿ ನಿಂತಳು. ನಾನು ಗೋಡೆಯೆದುರು ಕೂತೆ. ನನ್ನ ಹತ್ತಿರ ಒಂದು ವಿಷಯ ಉಳಿದಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ನಿಮಗೂ ಹೇಳಿಲ್ಲ.

ನನಗೆ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಛತ್ರದ ಗೋಡೆಗೆ ಗಾರೆ ಹಚ್ಚಿದ ದಿನ ಸೆಕೆಗೆ ನಿದ್ದೆ ಬಾರದೆ ಬೇಗ ಎದ್ದು ಹೋಗಿದ್ದೆ. ಗೋಡೆ ಗಟ್ಟಿಯಾಗಿತ್ತು. ಮೂಲೆಯಲ್ಲಿ ಸಣ್ಣ ಬೆರಳುಗಳಿಂದ ಸವರಿದ ಗುರುತಿತ್ತು. ನಾನು ಮೂಲೆಯನ್ನು ಕರಣೆಯಿಂದ ಮುಗಿಸುತ್ತೇನೆ, ಬೆರಳಿನಿಂದ ಮುಗಿಸುವವಳು ಅವಳು. ನನಗೆ ಎಲ್ಲ ತಿಳಿಯಿತು. ಮನೆಗೆ ವಾಪಸು ಹೋಗಿ ಮಲಗಿಕೊಂಡೆ. ಮುಂದಿನ ಗೋಡೆಗೆ ಬಾಯಿಗೆ ಬಂದದ್ದು ಏನೋ ಗೊಣಗಿ, ಗಂಜಿ ಉಂಡು, ಬೇಕೆಂದೇ ಮಲಗಿದೆ. ಹೀಗೆ ಛತ್ರದ ಮೇಲೆ ಇನ್ನೂ ಹತ್ತು ಗೋಡೆ. ಒಂದೊಂದು ಸಲವೂ ಚಾಪೆಯ ಮೇಲೆ ಕಣ್ಣುಮುಚ್ಚಿ, ಹೋಗು, ಹೇಳು, ಇನ್ನೊಂದು ಖಾಲಿಯಾಗಲಿ ಅಂದುಕೊಳ್ಳುತ್ತಿದ್ದೆ. ಹಾಯಿಮನೆಯ ಸರದಿ ಬರುವಷ್ಟರಲ್ಲಿ ಅವಳ ಹತ್ತಿರ ಏನೂ ಉಳಿಯಬಾರದು, ಆ ಕೈ ನನ್ನದಾಗಬೇಕು. ಅವಳು ನನ್ನ ಮರ್ಯಾದೆ ಉಳಿಸುತ್ತಿದ್ದಾಳೆ ಅಂತ ಗೊತ್ತಿದ್ದೂ ಬಾವಿಕಟ್ಟೆಯಲ್ಲಿ ಅವಳನ್ನು ಜಂಬಗಾತಿ ಅಂದೆ. ಮೊದಲ ದಿನ ನಾನು ಕಿಟಕಿಯ ಹತ್ತಿರ ನಿಲ್ಲದೇ ಇದ್ದಿದ್ದರೂ ಅವಳ ಗಾರೆ ಬೀಳುತ್ತಿತ್ತು, ಯಾಕೆಂದರೆ ಅವಳು ಗುಟ್ಟು ಅಂದುಕೊಂಡದ್ದು ನನಗೆ ಮೊದಲೇ ಗೊತ್ತಿತ್ತು. ಇಷ್ಟನ್ನೂ ಗೋಡೆಗೆ ಹೇಳಿದೆ.

ಹೇಳಿ ಮುಗಿಸುವ ಮೊದಲೇ ಗಾರೆಯ ಬಣ್ಣ ಬಿಳಿಚಿಕೊಳ್ಳಲು ಶುರುವಾಗಿತ್ತು. ಬೆರಳಿಟ್ಟೆ, ಒಳಗೆ ಹೋಗಲಿಲ್ಲ. ಬಾಗಿಲಿನ ಪಕ್ಕದಲ್ಲಿ ಮಾತ್ರ ಇನ್ನೂ ಸ್ವಲ್ಪ ಮೆತ್ತಗಿತ್ತು. ವಸ್ತ್ರ ಬೀಸಿ ಎಲ್ಲರನ್ನೂ ಕರೆದೆ. ನನ್ನ ಕೈ ಒತ್ತುವುದನ್ನು ಊರು ನೋಡಲಿ ಅಂತ, ಅದರಲ್ಲೂ ಜಲಜಾ ನೋಡಲಿ ಅಂತ ಕರೆದದ್ದು, ಸುಳ್ಳೇಕೆ ಹೇಳಲಿ. ಅವಳು ಓಡಿಬಂದಳು. ಗೋಡೆ ಮುಟ್ಟಿ ನೋಡಿ, "ನಿಂತಿತಲ್ಲ ಅಕ್ಕ," ಅಂತ ನಕ್ಕಳು. ಆ ನಗುವಿನಲ್ಲಿ ಒಂದು ಚೂರೂ ಹೊಟ್ಟೆಕಿಚ್ಚು ಇರಲಿಲ್ಲ. ಎಷ್ಟು ಹುಡುಕಿದರೂ ಇರಲಿಲ್ಲ. ಗೋಡೆಯ ಮೇಲಿಟ್ಟ ಅವಳ ಬೆರಳುಗಳು ಸುಣ್ಣ ತಿಂದು ಸಿಪ್ಪೆ ಸುಲಿದಿದ್ದವು. ನನಗೆ ಏನು ಬಂತೋ, ಸಿಟ್ಟೋ ಮತ್ತೊಂದೋ, ಆ ಕೈಯನ್ನು ಎಳೆದು ಅತ್ತೆಯ ಕೈಯ ಪಕ್ಕದ ಜಾಗಕ್ಕಿಟ್ಟು, ಮೇಲೆ ನನ್ನ ಕೈಯಿಟ್ಟು ಶಕ್ತಿಯಿದ್ದಷ್ಟು ಒತ್ತಿದೆ. ಅವಳು ನೋವಿಗೆ ಹಾ ಅಂದಳು. ಬಿಟ್ಟಾಗ ಗಾರೆಯಲ್ಲಿ ಅವಳ ಐದು ಬೆರಳು ಮೂಡಿತ್ತು. ನನ್ನದು ಎಲ್ಲೂ ಇರಲಿಲ್ಲ.

ಮಳೆಗಾಲ ಬಂತು, ಹೋಯಿತು. ಗೋಡೆ ನಿಂತಿದೆ. ಹಾಯಿಮನೆಯ ಎದುರು ಹೋಗುವಾಗಲೆಲ್ಲ ಆ ಕೈ ಕಂಡು ಈಗಲೂ ಹೊಟ್ಟೆ ಉರಿಯುತ್ತದೆ. ತನ್ನ ಮಾತಿಗೆ ಹಿಡಿದ ಗೋಡೆಗೆ ಓರಗಿತ್ತಿಯ ಕೈ ಒತ್ತಿಸಿದಳು, ಗುಲಾಬಿಯ ಮನಸ್ಸು ದೊಡ್ಡದು ಅಂತ ಊರವರು ಹೇಳುತ್ತಾರೆ. ನಾನು ಅಲ್ಲ ಅನ್ನುವುದಿಲ್ಲ. ಗಾರೆ ಒಣಗಿದೆ, ಈಗ ಯಾರಿಗೆ ಹೇಳಿದರೂ ಅದಕ್ಕೇನೂ ಆಗುವುದಿಲ್ಲ, ಅದಕ್ಕೇ ನಿಮಗೆ ಹೇಳಿದೆ. ಅವಳಿಗೂ ಹೇಳಬೇಕು ಅಂತ ಮೂರು ಸಲ ಹೋಗಿದ್ದೇನೆ. ಮೂರು ಸಲವೂ ಅವಳು ಮಣೆ ಹಾಕಿ ಕೂರಿಸಿ, ನೀವು ನಂಗೆ ಮಾಡಿದಷ್ಟು ಯಾರೂ ಮಾಡ್ಲಿಲ್ಲ ಅಕ್ಕ, ಅಂದಳು. ನಾನು ಅವಳು ಕೊಟ್ಟ ಚಾ ಕುಡಿದು ಎದ್ದು ಬಂದೆ.